ಪಂಚಮ ಚಕ್ರ ಕಲಿಯಲು ಭಜನೆ ಮಂದಿರದ ಹಾರ್ಮೋನಿಯಂ ಸಾಕು

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಊರಿಗೊಂದು ಭಜನೆ ಮಂದಿರವಿದ್ದರೆ ಅಲ್ಲೊಂದು ಹಾರ್ಮೋನಿಯಂ ಇದ್ದೇ ಇರುತ್ತದೆ. ಕೈವಾರ ತಾತಯ್ಯನವರ ಕೀರ್ತನೆಗೂ ಅದೇ, ಕುರುಕ್ಷೇತ್ರ ನಾಟಕದ ತಾಲೀಮಿಗೂ ಅದೇ. ಆದರೆ ಗಿಟಾರೋ ಕೀಬೋರ್ಡೋ ಹಿಡಿದ ನಮ್ಮ ಹುಡುಗ ಹುಡುಗಿಯರು ಕಾರ್ಡ್, ಸರ್ಕಲ್ ಆಫ್ ಫಿಫ್ತ್ಸ್ ಎಂದ ಕೂಡಲೇ ಬೆಂಗಳೂರಿನ ದಾರಿ ನೋಡುತ್ತಾರೆ. ಕ್ಲಾಸಿಗೆ ಖಂಡಿತ ಹೋಗಲಿ. ಅದಕ್ಕೆ ಮೊದಲು ಕಲಿಯಬಹುದಾದದ್ದು ಊರಲ್ಲೇ ಬೇಕಾದಷ್ಟಿದೆ.

1. ಮನೆಗಳ ಸಾಲನ್ನು ಬಾಯಿಪಾಠ ಮಾಡಿ. ಹಾರ್ಮೋನಿಯಂ ಮೇಷ್ಟ್ರು ಶ್ರುತಿಯನ್ನು ಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ಪಾಶ್ಚಾತ್ಯರ ಸಿ ನಮಗೆ ಒಂದು ಮನೆ, ಜಿ ಐದು ಮನೆ, ನಡುವಿನ ಕಪ್ಪು ಪಟ್ಟಿಗಳು ಒಂದೂವರೆ, ಎರಡೂವರೆ ಹೀಗೆ. ಒಂದು ಮನೆಯನ್ನು ಷಡ್ಜ ಮಾಡಿ ಅದರ ಪಂಚಮ ಹಿಡಿಯಿರಿ, ಐದು ಸಿಗುತ್ತದೆ. ಐದನ್ನೇ ಷಡ್ಜ ಮಾಡಿ, ಅದರ ಪಂಚಮ ಎರಡು. ಹೀಗೇ ಹೋದರೆ 1, 5, 2, 6, 3, 7, 4½, 1½, 5½, 2½, 6½, 4, ಮತ್ತೆ 1. ಹನ್ನೆರಡು ಮನೆ ಸುತ್ತಿ ಬಂದಿರಿ. ದೊಡ್ಡ ಹೆಸರಿನ ಆ ಚಕ್ರ ಇದೇ. ಗೌರಿಬಿದನೂರಿನಿಂದ ದಿನಾ ರೈಲಿನಲ್ಲಿ ಓಡಾಡುವವರು ಯಲಹಂಕ ಬರುವಷ್ಟರಲ್ಲಿ ಇದನ್ನು ಮುಂದಕ್ಕೂ ಹಿಂದಕ್ಕೂ ಹತ್ತು ಸಲ ಹೇಳಿಕೊಳ್ಳಬಹುದು.

2. ರಟ್ಟಿನಲ್ಲಿ ಚಕ್ರ ಕತ್ತರಿಸಿ. ದೊಡ್ಡ ಬಿಲ್ಲೆಯ ಅಂಚಿನಲ್ಲಿ ಮೇಲಿನ ಹನ್ನೆರಡು ಅಂಕಿ. ಅದರ ಮೇಲೆ ಗುಂಡುಪಿನ್ನಿನಿಂದ ಚುಚ್ಚಿದ ಚಿಕ್ಕ ಬಿಲ್ಲೆ, ಅದರಲ್ಲಿ ಅದೇ ದಿಕ್ಕಿಗೆ ಸ್ವರಗಳು: ಸ, ಪ, ಚತುಶ್ರುತಿ ರಿ, ಚತುಶ್ರುತಿ ದ, ಅಂತರ ಗ, ಕಾಕಲಿ ನಿ, ಪ್ರತಿ ಮ, ಶುದ್ಧ ರಿ, ಶುದ್ಧ ದ, ಸಾಧಾರಣ ಗ, ಕೈಶಿಕಿ ನಿ, ಶುದ್ಧ ಮ. ಹಾಡುವವರ ಶ್ರುತಿಗೆ ಸ ತಿರುಗಿಸಿ ನಿಲ್ಲಿಸಿ. ಉಳಿದ ಹನ್ನೊಂದು ಸ್ವರಗಳ ಮನೆ ಕಣ್ಣೆದುರಿಗಿರುತ್ತದೆ. ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದಿಲ್ಲ, ನೀವೇ ಮಾಡಿದ್ದರಿಂದ ಮರೆಯುವುದೂ ಇಲ್ಲ.

3. ಚಕ್ರದಲ್ಲಿ ರಾಗಗಳನ್ನು ಹುಡುಕಿ. ಶುದ್ಧ ಮಧ್ಯಮದಿಂದ ಶುರುಮಾಡಿ ಪಕ್ಕಪಕ್ಕದ ಏಳು ಸ್ವರ ಎಣಿಸಿ: ಮ, ಸ, ಪ, ರಿ, ದ, ಗ, ನಿ. ಇದು ಶಂಕರಾಭರಣ, 29ನೇ ಮೇಳ, ಪಾಶ್ಚಾತ್ಯರ ಮೇಜರ್ ಸ್ಕೇಲ್. ಈ ಏಳರಲ್ಲಿ ಮೊದಲ ಮೂರರ ಮೇಲೆ ಕಟ್ಟುವ ಕಾರ್ಡ್ (ಒಟ್ಟಿಗೆ ನುಡಿಯುವ ಮೂರು ಸ್ವರ, ಕಟ್ಟುವ ಬಗೆ ಮುಂದಿನ ಅಂಶದಲ್ಲಿದೆ) ಮೇಜರ್, ಮುಂದಿನ ಮೂರರದು ಮೈನರ್, ಕೊನೆಯ ನಿಷಾದದ್ದು ಡಿಮಿನಿಷ್ಡ್. ಒಂದು ಶ್ರುತಿಯ ಏಳೂ ಕಾರ್ಡ್ ಇಷ್ಟರಲ್ಲೇ ಮುಗಿಯಿತು. ಇನ್ನು ಸ ಇಂದ ಐದೇ ಸ್ವರ ಎಣಿಸಿ: ಸ, ಪ, ರಿ, ದ, ಗ. ಮೋಹನ! ಏಳರ ಗುಂಪನ್ನು ಒಂದು ಹೆಜ್ಜೆ ಮುಂದೆ ಸರಿಸಿದರೆ ಶುದ್ಧ ಮ ಹೋಗಿ ಪ್ರತಿ ಮ ಬರುತ್ತದೆ, ಕಲ್ಯಾಣಿಯಾಗುತ್ತದೆ. ಒಂದು ಹೆಜ್ಜೆ ಹಿಂದೆ ಸರಿಸಿದರೆ ಹರಿಕಾಂಭೋಜಿ. ಗ್ರಹಭೇದ ಕಲಿತವರಿಗೆ ಇದು ಹಳೆಯ ನೆಂಟಸ್ತಿಕೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸಂತೋಷ ಕೊಟ್ಟ ಭಾಗ ಇದು. ಒಂದು ಸಂಜೆ ಪೂರ್ತಿ ಇದಕ್ಕೇ ಕೊಡಿ.

4. ಕಾರ್ಡನ್ನು ಬೆರಳೆಣಿಕೆಯಿಂದ ಕಟ್ಟಿ. ಕಪ್ಪು ಬಿಳಿ ಎರಡನ್ನೂ ಸೇರಿಸಿ ಎಣಿಸುತ್ತ ನಾಲ್ಕು ಹೆಜ್ಜೆ, ಆಮೇಲೆ ಮೂರು ಹೆಜ್ಜೆ: ಮೇಜರ್. ಮೂರು, ಆಮೇಲೆ ನಾಲ್ಕು: ಮೈನರ್. ಮೂರು, ಮೂರು: ಡಿಮಿನಿಷ್ಡ್. ಎಡಗೈ ತಿದಿ ಒತ್ತುವಾಗ ಬಲಗೈಯ ಹೆಬ್ಬೆರಳು, ನಡುಬೆರಳು, ಕಿರುಬೆರಳು ಸಾಕು. ಮೂರು ಸ್ವರ ಒಟ್ಟಿಗೆ ನುಡಿದರೆ ಗಾಳಿ ಬೇಗ ಖಾಲಿಯಾಗುತ್ತದೆ, ತಿದಿ ಚುರುಕಾಗಲಿ.

5. ಕಿವಿಗೆ ತಂಬೂರಿ ಕೊಡಿ. ಷಡ್ಜ ಪಂಚಮಗಳ ಶುದ್ಧ ಅನುಪಾತ 2:3. ಈ ಲೆಕ್ಕದಲ್ಲಿ ಹನ್ನೆರಡು ಪಂಚಮ ಏರಿದರೆ ಆರಂಭದ ಸ್ವರದ 129.75 ಪಟ್ಟು ಮುಟ್ಟುತ್ತೇವೆ. ಏಳು ಸ್ಥಾಯಿ ಏರಿದರೆ 128 ಪಟ್ಟು. ಚಕ್ರ ಕೂದಲೆಳೆಯಷ್ಟು ಕೂಡುವುದಿಲ್ಲ. ಹಾರ್ಮೋನಿಯಂ ಆ ವ್ಯತ್ಯಾಸವನ್ನು ಹನ್ನೆರಡೂ ಪಂಚಮಗಳಿಗೆ ಹಂಚಿ ಚಕ್ರ ಮುಚ್ಚುತ್ತದೆ. ಅದಕ್ಕೇ ಬೆರಳಿಗೆ ಹಾರ್ಮೋನಿಯಂ, ಕಿವಿಗೆ ತಂಬೂರಿ. ಫೋನಿನ ತಂಬೂರಿ ಆ್ಯಪ್ ಆದರೂ ಆದೀತು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜದಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳುತ್ತದೆ. ಸ, ಗ, ಪ ಮೂರೂ ಅಲ್ಲಿವೆ. ಮೇಜರ್ ಕಾರ್ಡ್ ಹೊರಗಿನಿಂದ ಬಂದ ವಸ್ತು ಎಂಬ ಅಳುಕು ಅಲ್ಲಿಗೆ ಹೋಗಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರೂ ಹೌದು, ಬೆಂಗಳೂರು ಲಲಿತಕಲಾ ಪರಿಷತ್ತು ಕಟ್ಟಿದ ಸಂಗೀತಪ್ರೇಮಿಯೂ ಹೌದು. ವಿಜ್ಞಾನ, ಸಂಗೀತ ಎರಡನ್ನೂ ಒಟ್ಟಿಗೆ ಪ್ರೀತಿಸಲು ನಮ್ಮ ಜಿಲ್ಲೆಯಲ್ಲೇ ಮಾದರಿ ಇದೆ.

6. ಒಂದೇ ಪದ, ಮೂರು ಕಾರ್ಡ್, ಹನ್ನೆರಡು ಮನೆ. ಶಂಕರಾಭರಣದ ಛಾಯೆಯ ಸರಳ ಭಜನೆಯೊಂದನ್ನು ಆರಿಸಿ. ಸ, ಮ, ಪ ಮೇಲಿನ ಕಾರ್ಡುಗಳಲ್ಲೇ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಒಂದು ಮನೆಯಲ್ಲಿ ಅವು 1, 4, 5. ಎರಡು ಮನೆಯಲ್ಲಿ 2, 5, 6. ಹೆಣ್ಣುಮಕ್ಕಳು ಐದೂವರೆಗೆ ಹಾಡಿದರೆ 5½, 1½, 2½. ಚಕ್ರದಲ್ಲಿ ಇವು ಯಾವಾಗಲೂ ಸ ಮತ್ತು ಅದರ ಅಕ್ಕಪಕ್ಕದವರು. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯನ್ನು ಮುಟ್ಟಬೇಡಿ, ಕಲಿಯುವ ಕೆಲಸವನ್ನೆಲ್ಲ ಅದೇ ಮಾಡಿಬಿಡುತ್ತದೆ. ಪಾತ್ರಧಾರಿಯ ಕಂಠಕ್ಕೆ ತಕ್ಕಂತೆ ಮನೆ ಬದಲಿಸಿ ನುಡಿಸುವ ನಾಟಕದ ಮೇಷ್ಟ್ರ ಪಕ್ಕ ಒಂದು ರಾತ್ರಿ ಕುಳಿತರೆ ಇದರ ಬೆಲೆ ತಿಳಿಯುತ್ತದೆ.

7. ಕಾರ್ಡ್ ಬೇಡದ ಕಡೆ ಕೈ ತೆಗೆಯಿರಿ. ತೋಡಿಯ ಗಾಂಧಾರ ಗಮಕದಲ್ಲೇ ಬದುಕುತ್ತದೆ. ಅದರ ಕೆಳಗೆ ಮೂರು ಸ್ವರ ಒತ್ತಿ ಹಿಡಿದರೆ ರಾಗ ಉಸಿರುಗಟ್ಟುತ್ತದೆ. ಅಲ್ಲಿ ಸ, ಪ ಮಾತ್ರ ಸಾಕು.

8. ಪರೀಕ್ಷೆ ಬರೆಯುವ ಆಸೆಯಿದ್ದರೆ ಈ ಹಂತದಲ್ಲಿ ಪಾಶ್ಚಾತ್ಯ ಸ್ವರಲಿಪಿಗೆ, ಅಂದರೆ ಸ್ಟಾಫ್ ನೊಟೇಶನ್‌ಗೆ ಕೈಹಾಕಿ. ಮ್ಯೂಸ್‌ಸ್ಕೋರ್ ತಂತ್ರಾಂಶ ಉಚಿತ. ಬರೆದದ್ದನ್ನು ಅದೇ ನುಡಿಸಿ ಕೇಳಿಸುತ್ತದೆ. ಬೆಂಗಳೂರಿನಲ್ಲಿ ಟ್ರಿನಿಟಿ ಸಂಸ್ಥೆಯ ಪಾಶ್ಚಾತ್ಯ ಸಂಗೀತ ಪರೀಕ್ಷೆಗಳು ನಡೆಯುತ್ತವೆ. ಎರಡೂ ಸಂಗೀತ ಒಬ್ಬರಲ್ಲೇ ಕೂಡಿದ್ದೂ ಉಂಟು: ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ನುಡಿಸುತ್ತಿದ್ದರು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಶಿಯೇಟ್ ಪಡೆದರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದರು. ನಿಮ್ಮ ಮೊದಲ ಅಭ್ಯಾಸಕ್ಕೆ ಭಜನೆಯ ಪಲ್ಲವಿಯೊಂದನ್ನೇ ಸ್ಟಾಫಿನಲ್ಲಿ ಬರೆದು, ಕೆಳಗೆ ಆ ಮೂರು ಕಾರ್ಡ್ ಇಟ್ಟು, ಮುಂದಿನ ಶನಿವಾರ ಮಂದಿರದಲ್ಲಿ ನುಡಿಸಿ ನೋಡಿ.