ತೂಕ ಹಳದಿ, ತೋಳು ಹಸಿರು: ಯಾವುದನ್ನು ನಂಬಬೇಕು?

ಪ್ರಶ್ನೆ: ನನ್ನ ಮೊಮ್ಮಗಳಿಗೆ ಎರಡು ವರ್ಷ ತುಂಬಿತು. ಅಂಗನವಾಡಿಯಲ್ಲಿ ತೂಗಿದಾಗ 8.8 ಕಿಲೋ ಬಂತು, ‘ಹಳದಿಯಲ್ಲಿದೆ’ ಎಂದರು. ಆಶಾ ಕಾರ್ಯಕರ್ತೆ ತೋಳಿಗೆ ಟೇಪ್ ಸುತ್ತಿ ‘ಹಸಿರು’ ಎಂದರು. ಯಾವುದು ಸರಿ? ದೊಡ್ಡವರಿಗೂ ಇಂಥ ಅಳತೆ ಇದೆಯೇ?
— ಓದುಗರು, ನಿಂಬರ್ಗಾ, ಆಳಂದ ತಾಲ್ಲೂಕು

ಉತ್ತರ: ಎರಡೂ ಸರಿಯಿರಬಹುದು. ಒಂದೇ ಮಗುವಿಗೆ ಎರಡು ಬಣ್ಣ ಬಂದರೆ ಯಾರಿಗಾದರೂ ಗೊಂದಲವಾಗುತ್ತದೆ. ತಾವು ಕೇಳಿದ್ದು ಒಳ್ಳೆಯದೇ ಆಯಿತು. ಒಂದೊಂದು ಅಳತೆ ಒಂದೊಂದು ಸಂಗತಿ ಹೇಳುತ್ತದೆ.

ಮಗು ಈಗ ಸೊರಗಿದೆಯೇ ಎಂಬುದನ್ನು ಟೇಪ್ ಹೇಳುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಇದನ್ನು ಬಳಸುತ್ತಾರೆ. ಎಡಗೈ ಮಡಚಿಸಿ, ಭುಜದ ತುದಿಗೂ ಮೊಣಕೈ ತುದಿಗೂ ಸರಿಮಧ್ಯೆ ಗುರುತು ಹಾಕಿ, ಆಮೇಲೆ ಕೈ ಇಳಿಬಿಡಿಸಿ ಟೇಪ್ ಸುತ್ತಬೇಕು. ಚರ್ಮ ಒತ್ತಿ ತಗ್ಗು ಬೀಳಬಾರದು, ಸಡಿಲವೂ ಆಗಬಾರದು. 11.5 ಸೆಂ.ಮೀ.ಗಿಂತ ಕಡಿಮೆಯಾದರೆ ಕೆಂಪು, 12.5ರ ಒಳಗೆ ಹಳದಿ, ಅದರ ಮೇಲೆ ಹಸಿರು.

ಅಂಗನವಾಡಿಯಲ್ಲಿ ಮಗುವಿನ ತೂಕ ಗುರುತಿಸುವ ತಾಯಿ ಕಾರ್ಡಿನ ನಕ್ಷೆ ನೋಡುವುದು ವಯಸ್ಸಿಗೆ ತಕ್ಕ ತೂಕವನ್ನು. ಎರಡು ವರ್ಷದ ಹೆಣ್ಣುಮಗುವಿಗೆ ನಡುಮಟ್ಟದ ತೂಕ 11.5 ಕಿಲೋ. 9ಕ್ಕಿಂತ ಕಡಿಮೆಯಾದರೆ ಹಳದಿ, 8.1ಕ್ಕೂ ಕೆಳಗಿಳಿದರೆ ತೀವ್ರ ಕೊರತೆ. ಆದರೆ ತೂಕ ಕಡಿಮೆಯಾಗಲು ಮಗು ಸೊರಗಿರಬಹುದು, ಇಲ್ಲವೇ ಗಿಡ್ಡವಿರಬಹುದು. ಯಾವುದು ಎಂದು ತೂಕವೊಂದರಿಂದಲೇ ತಿಳಿಯದು.

ಆದ್ದರಿಂದ ಉದ್ದವನ್ನೂ ಅಳೆಯಿಸಿ. ಹಲಗೆಯ ಮೇಲೆ ಮಲಗಿಸಿ ಅಳೆದಾಗ ಈ ವಯಸ್ಸಿನ ಹೆಣ್ಣುಮಗು ಕನಿಷ್ಠ 80 ಸೆಂ.ಮೀ. ಇರಬೇಕು. ತಮ್ಮ ಮೊಮ್ಮಗಳು 77 ಇದ್ದಾಳೆ ಎನ್ನೋಣ. ಆ ಉದ್ದಕ್ಕೆ 8.8 ಕಿಲೋ ಕಡಿಮೆಯಲ್ಲ. ಹಾಗಾಗಿ ತೋಳೂ ಹಸಿರು. ಆದರೆ ಬೆಳವಣಿಗೆ ಕುಂಠಿತವಾಗಿದೆ ಎಂದರ್ಥ. ಹುಟ್ಟುವಾಗಲೇ ತೂಕ ಕಡಿಮೆಯಿದ್ದುದು, ತಿಂಗಳುಗಟ್ಟಲೆ ಊಟ ಸಾಲದ್ದು, ಮೇಲಿಂದ ಮೇಲೆ ಬಂದ ಭೇದಿ ಇದಕ್ಕೆ ಕಾರಣವಾಗಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳು ಹೀಗೆ ಗಿಡ್ಡವಿದ್ದರು. ಹಸಿರು ಬಂತೆಂದು ದಯವಿಟ್ಟು ಸುಮ್ಮನಾಗಬೇಡಿ.

‘ನಮ್ಮ ಮನೆತನವೇ ಗಿಡ್ಡ’ ಎಂದು ಅನೇಕರು ಸಮಾಧಾನ ಹೇಳಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಈ ನಕ್ಷೆ ಪರದೇಶದ ಮಕ್ಕಳನ್ನಷ್ಟೇ ಅಳೆದು ಮಾಡಿದ್ದಲ್ಲ. ಆರು ದೇಶಗಳ ಮಕ್ಕಳಲ್ಲಿ ನಮ್ಮ ದೆಹಲಿಯವರೂ ಇದ್ದರು. ಎದೆಹಾಲು, ಊಟ, ಆರೈಕೆ ಚೆನ್ನಾಗಿದ್ದರೆ ಐದು ವರ್ಷದವರೆಗೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆಂದು ಅದರಲ್ಲಿ ಕಂಡುಬಂತು.

ಒಂದು ದಿನದ ತೂಕಕ್ಕಿಂತ ತಿಂಗಳಿನಿಂದ ತಿಂಗಳಿಗೆ ಗೆರೆ ಏರುತ್ತಿದೆಯೇ ಎಂಬುದು ಮುಖ್ಯ. ದುಡಿಯಲು ಪುಣೆ, ಮುಂಬೈಗೆ ಹೋಗುವವರು ತಾಯಿ ಕಾರ್ಡನ್ನು ಜೊತೆಗೇ ಒಯ್ಯಬೇಕು. ಮಗುವಿನ ಎರಡೂ ಪಾದ ಊದಿ, ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಟ್ಟಾಗ ಗುಳಿ ಉಳಿದರೆ ಯಾವ ಬಣ್ಣಕ್ಕೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ದೊಡ್ಡವರ ಎತ್ತರ ಬದಲಾಗದು. ಅವರಿಗೆ ಲೆಕ್ಕ ಸುಲಭ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 1.52 ಮೀಟರ್ ಎತ್ತರ, 42 ಕಿಲೋ ತೂಕದ ಹೆಂಗಸಿಗೆ 18.2 ಬರುತ್ತದೆ. 18.5ಕ್ಕಿಂತ ಕಡಿಮೆಯಾದರೆ ಪೋಷಣೆ ಸಾಲದು; ನಮ್ಮವರಿಗೆ 23 ದಾಟಿದರೆ ತೂಕ ಹೆಚ್ಚು. ರಕ್ತಹೀನತೆ ಇದರಲ್ಲಿ ಕಾಣದು, ಅದಕ್ಕೆ ಹಿಮೋಗ್ಲೋಬಿನ್ ಪರೀಕ್ಷೆಯೇ ಬೇಕು: ಹೆಂಗಸರಿಗೆ 12 ಗ್ರಾಂ, ಗಂಡಸರಿಗೆ 13 ಗ್ರಾಂ ಇರಬೇಕು. ಗರ್ಭಿಣಿಯರಿಗೆ 11 ಗ್ರಾಂ. ತೂಕದ ಈ ಲೆಕ್ಕವೂ ಅವರಿಗೆ ಹೊಂದುವುದಿಲ್ಲ.