ಹಾಡಿದವರು ಯಾರು?

ನಮ್ಮ ಮನೆಯ ರೇಡಿಯೊ ಧಾರವಾಡ ಕೇಂದ್ರ ಬಿಟ್ಟು ಆಚೆ ಈಚೆ ಸರಿಯುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಕಲಾವಿದರ ಹೆಸರು ಹೇಳುತ್ತಾರಲ್ಲ, ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಹೀಗೆ ಹೆಸರು ಕಳಕೊಂಡ ಎಷ್ಟೋ ದನಿಗಳು ಇನ್ನೂ ತಲೆಯಲ್ಲಿವೆ. ಈಗ ಎಪ್ಪತ್ತು ದಾಟಿದೆ, ರಾತ್ರಿ ನಿದ್ದೆ ಕಮ್ಮಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಹುಡುಕುತ್ತ ಕೂರುತ್ತೇನೆ. “ಇವರನ್ನೆಲ್ಲ ಎಲ್ಲಿಂದ ಹಿಡಕೊಂಡು ಬರ್ತೀ ಅಜ್ಜಾ?” ಎಂದು ಮೊಮ್ಮಕ್ಕಳು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

• ಮುಂದಿನ ಹಾಡನ್ನು ತಾನೇ ಹಾಕುವ ಆಟೊಪ್ಲೇ ಇದೆಯಲ್ಲ, ಮೊದಲು ಅದನ್ನು ಆಫ್ ಮಾಡಿ. ನಿನ್ನೆ ಉಪ್ಪಿಟ್ಟು ತಿಂದಿರಿ ಅಂತ ಇವತ್ತೂ ಕೇಳದೆಯೇ ಉಪ್ಪಿಟ್ಟು ತಂದಿಡುವ ಮಾಣಿ ಅದು. ಅವನ ಮೇಲೆ ಸಿಟ್ಟಾಗಬೇಡಿ, ಎದ್ದು ನೀವೇ ಅಡುಗೆಮನೆಗೆ ಹೋಗಿ ನೋಡಿ.

• ಕನ್ನಡ ಅಕ್ಷರದಲ್ಲೇ ಹುಡುಕಿ, ಅದೂ ಊರಿನ ಬಾಯಲ್ಲಿ. ‘ಫೋಕ್ ಸಾಂಗ್’ ಎಂದರೆ ಸ್ಟುಡಿಯೊದಲ್ಲಿ ಕೀಬೋರ್ಡ್ ಹಾಕಿ ತಯಾರಿಸಿದ್ದೇ ಸಿಗುತ್ತದೆ. ಚೌಡಕಿ ಪದ, ಗೀಗೀ ಪದ, ರಿವಾಯತ ಪದ, ಡೊಳ್ಳಿನ ಪದ, ಹರದೇಶಿ-ನಾಗೇಶಿ ಎಂದು ಬರೆಯಿರಿ. ಜೊತೆಗೆ ಒಂದು ತಾಲ್ಲೂಕಿನ ಹೆಸರು ಸೇರಿಸಿ: ಇಂಡಿ, ಸಿಂದಗಿ, ಮುಧೋಳ. ಮಂಟೇಸ್ವಾಮಿ ಕಾವ್ಯ ಬೇಕಾದರೆ ‘ನೀಲಗಾರರು ಮಳವಳ್ಳಿ’ ಎನ್ನಿ. ಕಾಗುಣಿತ ಬದಲಿಸಿ ಮತ್ತೊಮ್ಮೆ ನೋಡಿ. ‘ತತ್ವಪದ’ಕ್ಕೆ ಬರುವುದು ಬೇರೆ, ‘ತತ್ತ್ವಪದ’ಕ್ಕೆ ಬರುವುದು ಬೇರೆ, ‘ಭಜನಿ ಪದ’ಕ್ಕೆ ಇನ್ನೂ ಬೇರೆ. ವಿಡಿಯೊ ಏರಿಸಿದವನು ಪಂಡಿತನಲ್ಲ, ಜಾತ್ರೆಗೆ ಬಂದ ಹುಡುಗ. ತಾನು ಮಾತಾಡುವ ಹಾಗೆಯೇ ಬರೆದಿರುತ್ತಾನೆ.

• ಪಕ್ಕವಾದ್ಯದವರನ್ನು ಹಿಂಬಾಲಿಸಿ. ಹಾರ್ಮೋನಿಯಂ, ತಬಲಾ ನುಡಿಸುವವರು ದೊಡ್ಡವರಿಗೂ ಸಾಥ್ ಕೊಡುತ್ತಾರೆ, ಹೆಸರಿಲ್ಲದವರಿಗೂ ಕೊಡುತ್ತಾರೆ. ಅವರ ಹೆಸರು ಹಾಕಿ ಹುಡುಕಿದರೆ ನೀವೆಂದೂ ಕೇಳಿರದ ನಾಲ್ವರು ಗಾಯಕರಾದರೂ ಸಿಗುತ್ತಾರೆ. ನನಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲ.

• ಗುರುವಿನ ಮನೆಗೆ ಹೋಗಿ. ವೆಂಕಟೇಶಕುಮಾರರನ್ನು ಎಲ್ಲರೂ ಕೇಳುತ್ತಾರೆ. ಆದರೆ ಅವರು ಕಲಿತ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತವರು ಅವರೊಬ್ಬರೇ ಅಲ್ಲವಲ್ಲ! ಮೇಲಕ್ಕೂ ಹತ್ತಿ. ಮಲ್ಲಿಕಾರ್ಜುನ ಮನ್ಸೂರರಿಂದ ಅವರ ಮೊದಲ ಹಿಂದೂಸ್ತಾನಿ ಗುರು ನೀಲಕಂಠಬುವಾ ಮಿರಜಕರರ ಕಡೆಗೆ, ಆಮೇಲೆ ಮಂಜೀಖಾನ್, ಬುರ್ಜೀಖಾನರ ಕಡೆಗೆ ಹೋಗಿ ನೋಡಿ.

• ಹಳೆಯ ತಟ್ಟೆಗಳಿಗೆ ಮೂರು ಅವಕಾಶ ಕೊಡಿ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಮೊದಲ ಸಲ ಬರೀ ಕರಕರ ಕೇಳುತ್ತದೆ, ಎರಡನೆಯ ಸಲಕ್ಕೆ ದನಿ, ಮೂರನೆಯ ಸಲಕ್ಕೆ ಹಾಡು. ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನವರು ಇಂಥವನ್ನು ಸೌಂಡ್‌ಕ್ಲೌಡ್‌ನಲ್ಲಿ ಇಟ್ಟಿದ್ದಾರೆ. ಗೌಹರ್ ಜಾನ್‌ಳಿಂದ ಶುರುಮಾಡಿ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಆಕೆ ಹಾಡು ಮುಗಿಸಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಜಂಬಕ್ಕಲ್ಲ. ಮೇಣದ ಅಚ್ಚು ತಟ್ಟೆಯಾಗಲು ಜರ್ಮನಿಗೆ ಹೋಗಬೇಕಿತ್ತು, ಅಲ್ಲಿನವರಿಗೆ ಇದು ಯಾರ ದನಿ ಎಂದು ತಿಳಿಯಬೇಕಿತ್ತು. ಆಕೆ ಕೊನೆಗಾಲಕ್ಕೆ ಬಂದದ್ದು ನಮ್ಮ ಮೈಸೂರಿಗೆ, ಅರಮನೆಯ ಆಶ್ರಯಕ್ಕೆ. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. ಆಕೆಯಾದ ಮೇಲೆ ಬೆಂಗಳೂರು ನಾಗರತ್ನಮ್ಮ, ಬೀಳಗಿಯ ಅಮೀರಬಾಯಿ ಕರ್ನಾಟಕಿ ಇವರನ್ನು ಕೇಳಿ.

• ಪ್ರಶಸ್ತಿಯ ಪಟ್ಟಿ ಓದಿ ಪೇಪರ್ ಮಡಚಬೇಡಿ. ಜನವರಿ 25ರ ಸಂಜೆ ಪದ್ಮ ಪಟ್ಟಿ ಬರುತ್ತದೆ, ನವೆಂಬರಿನ ಹೊತ್ತಿಗೆ ರಾಜ್ಯೋತ್ಸವದ್ದು. ಅಲ್ಲಿ ಅರ್ಧ ಸಾಲಿನಲ್ಲಿರುವ ಹೆಸರನ್ನು ಆ ರಾತ್ರಿಯೇ ಹುಡುಕಿ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರರಿಗೆ 2025ರಲ್ಲಿ. ಫೋಟೊ ಎಲ್ಲರೂ ನೋಡಿದರು. ದನಿ ಕೇಳಿದವರು ಎಷ್ಟು ಜನ?

• ಆಕಾಶವಾಣಿ ಈಗ ಫೋನಿನಲ್ಲೇ ಇದೆ. ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗಳಿಗೆ ಧಾರವಾಡದ ಬೆಳಗಿನ ಆರು ಗಂಟೆ ಎಂದರೆ ಬೇಸಿಗೆಯಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಅಡುಗೆಗೆ ಹೆಚ್ಚುತ್ತ ಕೇಳುತ್ತಾಳೆ. ಹಾಡಿದವರು ಯಾರು, ತಬಲಾ ಯಾರದು ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಅಲ್ಲಿ ಇನ್ನೂ ಉಳಿದಿದೆ.

• ಭಾಷೆ ಬರದಿದ್ದರೂ ಕೇಳಿ. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿ 2003ರಲ್ಲಿ ಶುರುವಾದ ಕಬೀರ್ ಪ್ರಾಜೆಕ್ಟಿನವರ ‘ಅಜಬ್ ಶಹರ್’ ತಾಣದಲ್ಲಿ ಮಾಳ್ವದ ಪ್ರಹ್ಲಾದ್ ಟಿಪಾನಿಯಾ, ಕಛ್‌ನ ಮೂರಾಲಾಲ ಮಾರವಾಡ ಸಿಗುತ್ತಾರೆ. ಏಕತಾರಿಯ ಗುಂಗು ನಮ್ಮ ಭಜನಿ ಮೇಳದ್ದೇ.

• ಎಲೆಮರೆಯ ಕಾಯೆಲ್ಲ ಸಿಹಿಯಿರುವುದಿಲ್ಲ. ಹತ್ತು ಕೇಳಿದರೆ ಏಳು ಸಾಧಾರಣ, ಎರಡು ಪರವಾಗಿಲ್ಲ, ಒಂದಕ್ಕೆ ಮೈ ಜುಮ್ಮೆನ್ನುತ್ತದೆ. ಆ ಒಂದು ಸಿಗಬೇಕಾದರೆ ಶಾಲು, ಹಾರ, ಸನ್ಮಾನ, ಅಧ್ಯಕ್ಷರ ಎರಡು ಮಾತು ಇವನ್ನೆಲ್ಲ ದಾಟಬೇಕು. ವಿಡಿಯೊವನ್ನು ಧೈರ್ಯವಾಗಿ ಹದಿನೈದನೆಯ ನಿಮಿಷಕ್ಕೆ ಎಳೆಯಿರಿ.

• ಮೆಚ್ಚಿದರೆ ಜೇಬಿಗೆ ಕೈ ಹಾಕಿ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಓಡದಿದ್ದರೆ ರೆಕಾರ್ಡಿಂಗಿನ ರಾಯಲ್ಟಿಯೇ ಇಲ್ಲ. ಬ್ಯಾಂಡ್‌ಕ್ಯಾಂಪಿನಲ್ಲಿ ಡಿಜಿಟಲ್ ಆಲ್ಬಂ ಕೊಂಡರೆ ಕಂಪನಿ ಸಾಮಾನ್ಯವಾಗಿ 15% ಹಿಡಿದುಕೊಳ್ಳುತ್ತದೆ, ಪಾವತಿಯ ಶುಲ್ಕ ಹೋಗಿ ಉಳಿದದ್ದು ಹಾಡಿದವರಿಗೆ. ಹೊಸ ಹುಡುಗರ ಬ್ಯಾಂಡುಗಳಿಗೆ ಹೀಗೆ ಕೊಡಿ. ಹಳ್ಳಿಯ ಮೇಳದವರಾದರೆ ವಿಡಿಯೊ ಕೆಳಗೆ ಫೋನ್ ನಂಬರ್ ಇರುವುದುಂಟು. ನಿಮ್ಮೂರ ಜಾತ್ರೆಗೆ, ಮನೆಯ ಮದುವೆಗೆ ಕರೆಸಿ, ಸಂಭಾವನೆಯಲ್ಲಿ ಚೌಕಾಸಿ ಮಾಡಬೇಡಿ.

• ಕೊನೆಯದಾಗಿ, ಒಂದು ನೋಟ್‌ಬುಕ್ ಇಡಿ. ಹೆಸರು, ಊರು, ಗುರು, ಜೊತೆಗೆ ನುಡಿಸಿದವರು. ‘ಸೂಪರ್ ಹಿಟ್ ಹಳೇ ಪದ’ ಎಂದಷ್ಟೇ ಬರೆದ ವಿಡಿಯೊದಲ್ಲಿ ನಿಮಗೆ ಗುರುತಿನ ದನಿ ಕೇಳಿಸಿದರೆ ಅದರ ಕೆಳಗೆ ಆ ಹೆಸರು ಬರೆದು ಬನ್ನಿ. ಗೌಹರ್ ಜಾನ್ ತನ್ನ ಹೆಸರನ್ನು ತಾನೇ ಕೂಗಿಕೊಂಡಳು. ಕಣ್ಣುಮುಚ್ಚಿ ತಾಳ ಬಡಿಯುವ ಅಜ್ಜಿಗೆ ಮೊಬೈಲು ಎತ್ತ ಹಿಡಿದಿದ್ದಾರೆಂದೂ ಗೊತ್ತಿರುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಹೆಸರಿನ ಜಾಗ ಖಾಲಿ ಇರುವ ಸಾಲುಗಳು 14 ಇವೆ. ಒಂದರಲ್ಲಿ ಹೀಗೆ ಬರೆದುಕೊಂಡಿದ್ದೇನೆ: “ಹೆಂಗಸು, ಅರವತ್ತರ ಮೇಲೆ, ಮುಧೋಳ ಸೀಮೆಯ ಮಾತು, ಚೌಡಕಿ, ಪಲ್ಲವಿಗೆ ಬರುವಾಗ ನಗುತ್ತಾಳೆ.” ಹೋದ ವರ್ಷ ಇಂಥ ಸಾಲು 15 ಇದ್ದವು.