ಹುಲಿಗಿಯ ತರುಣ ಹಾಕಿ ಆಟಗಾರನಿಗೆ



ಹೆಸರು ಮಾಡಿದ ಹಿರಿಯರನ್ನು ತಂಡದಲ್ಲಿ ಉಳಿಸಿಕೊಳ್ಳಬೇಕೋ, ಬೆಳೆಯುತ್ತಿರುವ ಹುಡುಗರಿಗೆ ಜಾಗ ಬಿಡಿಸಬೇಕೋ ಎಂಬ ತಕರಾರು ತಾಲ್ಲೂಕಿನ ದಸರಾ ಕ್ರೀಡಾಕೂಟದಲ್ಲೂ ಏಳುತ್ತದೆ, ಒಲಿಂಪಿಕ್ಸ್ ತಂಡದ ಆಯ್ಕೆಯಲ್ಲೂ ಏಳುತ್ತದೆ. ಆದ್ದರಿಂದ ತುಂಗಭದ್ರೆಯ ದಂಡೆಯ ಊರಿನಲ್ಲಿ ಸ್ಟಿಕ್ ಹಿಡಿದವನು ಅದನ್ನು ದೊಡ್ಡವರ ಜಗಳವೆಂದು ದೂರವಿಡುವಂತಿಲ್ಲ. ಅವಕಾಶ ಕಿರಿಯರಿಗೆ ಸಿಗಲೇಬೇಕು. ಆದರೆ ಅದು ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಸಿಗಬೇಕು ಎಂಬುದನ್ನು ನಿರ್ಧರಿಸುವುದು ವಯಸ್ಸಿಗಿಂತ ಹೆಚ್ಚಾಗಿ ಆಟದ ಒಳರಚನೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಹುಲ್ಲಿನಂಗಳವನ್ನು ಬಿಟ್ಟು ಕೃತಕ ಹಾಸಿನ ಮೇಲೆ, ಅಂದರೆ ಟರ್ಫ್ ಮೇಲೆ, ನಡೆದಾಗಿನಿಂದ ಚೆಂಡಿನ ವೇಗ ಏರಿತು. ಮುಂದೆ ರೋಲಿಂಗ್ ಸಬ್‌ಸ್ಟಿಟ್ಯೂಷನ್, ಎಂದರೆ ಆಟವನ್ನು ನಿಲ್ಲಿಸದೆಯೇ ಆಟಗಾರರನ್ನು ಎಷ್ಟು ಸಲವಾದರೂ ಬದಲಿಸಬಹುದಾದ ನಿಯಮ, ಜಾರಿಗೆ ಬಂದ ಮೇಲೆ ಓಟದ ಲೆಕ್ಕಾಚಾರವೇ ಬೇರೆಯಾಯಿತು. ಈಗಿನ ಫಾರ್ವರ್ಡ್ ಆಟಗಾರ ಕೆಲವೇ ನಿಮಿಷ ಉಸಿರು ಕಟ್ಟಿ ಓಡುತ್ತಾನೆ, ಎದುರಾಳಿಯ ರಕ್ಷಕನ ಬೆನ್ನು ಹತ್ತಿ ಚೆಂಡು ಕಸಿಯಲು ನೋಡುತ್ತಾನೆ, ಬೆವರಿಳಿಸುತ್ತಾ ಬೆಂಚಿಗೆ ಬಂದು ಕೂರುತ್ತಾನೆ, ದಮ್ಮು ಸುಧಾರಿಸಿಕೊಂಡು ಮತ್ತೆ ಇಳಿಯುತ್ತಾನೆ. ಈ ಕೆಲಸದಲ್ಲಿ ಮೂವತ್ತು ದಾಟಿದ ಕಾಲು ಇಪ್ಪತ್ತೆರಡರ ಕಾಲಿಗೆ ಸೋಲುವುದು ಸಹಜ. ಗೋಲ್‌ಕೀಪರನ ಕಥೆಯೇ ಬೇರೆ: ಅವನ ಬಂಡವಾಳ ಓಟವಲ್ಲ, ಎದುರಾಳಿಯ ಹೆಗಲು ಯಾವ ಕಡೆ ತಿರುಗಿತು ಎಂಬುದನ್ನು ಓದುವ ಕಣ್ಣು, ಮತ್ತು ಆ ಕಣ್ಣು ವರ್ಷ ಕಳೆದಂತೆ ಚುರುಕಾಗುತ್ತದೆ.

ಕಿರಿಯರ ಹೆಸರಿನಲ್ಲಿ ಹಿರಿಯರನ್ನು ಕೆಡವಿದ ಪ್ರಸಂಗಗಳೂ ಉಂಟು. 1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತ 32 ವರ್ಷಗಳ ನಂತರ ಚಿನ್ನ ಗೆದ್ದಿತು; ಫೈನಲ್‌ನ ಟೈಬ್ರೇಕರಿನಲ್ಲಿ ಕೊರಿಯಾದವರ ಹೊಡೆತಗಳನ್ನು ತಡೆದವರು ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್, ನಾಯಕರಾಗಿದ್ದವರು ಧನರಾಜ್ ಪಿಳ್ಳೈ. ಅದರ ಬೆನ್ನಿಗೇ ಇಬ್ಬರೂ, ಅವರೊಂದಿಗೆ ಇನ್ನು ಕೆಲವರೂ, ತಂಡದಿಂದ ಹೊರಬಿದ್ದರು. ವಿಶ್ರಾಂತಿ ಕೊಡಲಾಗಿದೆ ಎಂಬುದು ಅಧಿಕೃತ ಕಾರಣ. ಆಟಗಾರರಿಗೆ ಸಲ್ಲಬೇಕಾದ ಹಣದ ಬಗ್ಗೆ ಬಾಯಿ ಬಿಟ್ಟದ್ದಕ್ಕೆ ಸಿಕ್ಕ ಉತ್ತರವದು ಎಂದು ಹಾಕಿ ಬಲ್ಲವರು ಆಗಲೇ ಆಡಿಕೊಂಡರು. ಇದನ್ನು ಪೀಳಿಗೆ ಬದಲಾವಣೆ ಎಂದು ಕರೆಯಲಾಗದು.

ಪೀಳಿಗೆ ನಿಜವಾಗಿ ಬದಲಾಗುವುದು ಕಿರಿಯರ ವಿಶ್ವಕಪ್‌ನಿಂದ. 2001ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಅರ್ಜೆಂಟೀನಾವನ್ನು 6-1ರಿಂದ ಸೋಲಿಸಿ ಆ ಕಪ್ ಗೆದ್ದ ಭಾರತ ತಂಡದಲ್ಲಿ ಕೊಡಗಿನ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಇದ್ದರು. ಆ ಹುಡುಗರಲ್ಲಿ ಹಲವರು ಮೂರೇ ವರ್ಷದಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದರು, ತಂಡಕ್ಕೆ ಮರಳಿದ್ದ ಮೂವತ್ತಾರರ ಧನರಾಜ್ ಅವರೂ ಜೊತೆಗಿದ್ದರು. ತಂಡ ಏಳನೆಯ ಸ್ಥಾನಕ್ಕೆ ನಿಂತಿತು. ಅದರಿಂದ ಕಲಿಯಬೇಕಾದದ್ದು ಇಷ್ಟು: ಹಿರಿಯನೊಬ್ಬನನ್ನು ಹೆಸರಿಗೆ ಸೇರಿಸಿಕೊಂಡು ಅವನಿಗೆ ಸ್ಪಷ್ಟ ಕೆಲಸ ಕೊಡದಿದ್ದರೆ ಅವನಿಗೂ ಸುಖವಿಲ್ಲ, ಕಿರಿಯರಿಗೂ ಪ್ರಯೋಜನವಿಲ್ಲ.

ಅದೇ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಪ್ರಸಂಗ ಕನ್ನಡಿಗರಿಗೆ ಇನ್ನೂ ನೋಯುವಂಥದ್ದು. 2007ರಿಂದ ಭಾರತಕ್ಕೆ 260ಕ್ಕೂ ಹೆಚ್ಚು ಪಂದ್ಯಗಳನ್ನು ಆಡಿ, ಲಂಡನ್ ಮತ್ತು ರಿಯೊ ಒಲಿಂಪಿಕ್ಸ್ ಕಂಡ ಈ ವೇಗದ ಫಾರ್ವರ್ಡ್ ಆಟಗಾರನಿಗೆ 2021ರ ಟೋಕಿಯೊ ತಂಡದಲ್ಲಿ ಜಾಗ ಸಿಗಲಿಲ್ಲ. ಪುರುಷರ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ಹೆಸರಿಸಿದ 16 ಜನರಲ್ಲಿ 10 ಮಂದಿಗೆ ಅದು ಮೊದಲ ಒಲಿಂಪಿಕ್ಸ್. ಊರಿನ ಅಭಿಮಾನವನ್ನು ಬದಿಗಿಟ್ಟು ನೋಡಿದರೆ ಆ ಆಯ್ಕೆ ಸರಿಯೇ ಆಗಿತ್ತು ಎನ್ನಬೇಕಾಗುತ್ತದೆ. ಜರ್ಮನಿಯ ವಿರುದ್ಧ 5-4ರಿಂದ ಗೆದ್ದ ಕಂಚಿನ ಪಂದ್ಯದಲ್ಲಿ ಎರಡು ಗೋಲು ಹೊಡೆದ ಸಿಮ್ರನ್‌ಜೀತ್ ಸಿಂಗ್ ಮೊದಲು ಕಾಯ್ದಿರಿಸಿದ ಆಟಗಾರನಾಗಿದ್ದವರು. ಕೋವಿಡ್ ಕಾರಣಕ್ಕೆ ಕಾಯ್ದಿರಿಸಿದವರನ್ನೂ ಆಡಿಸಬಹುದೆಂದು ನಿಯಮ ಸಡಿಲವಾಗಿದ್ದರಿಂದ ಅವರಿಗೆ ಅಂಗಳಕ್ಕಿಳಿಯುವ ಅವಕಾಶ ಒದಗಿತು. ಅದೇ ಪಂದ್ಯದ ಕೊನೆಯ ಕ್ಷಣಗಳಲ್ಲಿ ಜರ್ಮನಿಗೆ ದೊರೆತ ಪೆನಾಲ್ಟಿ ಕಾರ್ನರನ್ನು, ಎಂದರೆ ಗೋಲಿನ ಬಳಿ ರಕ್ಷಕರು ತಪ್ಪೆಸಗಿದಾಗ ಎದುರಾಳಿಗೆ ಸಿಗುವ ಹೊಡೆತವನ್ನು, ತಡೆದವರು 33ರ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್. 41 ವರ್ಷಗಳ ಬಳಿಕ ಬಂದ ಪದಕಕ್ಕೆ ಇಬ್ಬರೂ ಬೇಕಾಗಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸುನಿಲ್ ನಿವೃತ್ತರಾದರು.

ಸಿಮ್ರನ್‌ಜೀತ್ ಅವರ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಅವರು 2016ರ ಲಖನೌ ಕಿರಿಯರ ವಿಶ್ವಕಪ್ ಫೈನಲ್‌ನಲ್ಲಿ ಬೆಲ್ಜಿಯಂ ವಿರುದ್ಧ ಗೋಲು ಹೊಡೆದವರು. ಆಗಿನಿಂದ ಒಲಿಂಪಿಕ್ಸ್ ಅಂಗಳಕ್ಕೆ ಬರಲು ಅವರಿಗೆ ಐದು ವರ್ಷ ಬೇಕಾಯಿತು. ಅಷ್ಟು ದಿನ ಹುಡುಗನನ್ನು ಶಿಬಿರದಲ್ಲಿ ಇಟ್ಟುಕೊಂಡು, ಆಗಾಗ ಆಡಿಸಿ, ಬಿಟ್ಟು, ಮತ್ತೆ ಕರೆಯುವ ವ್ಯವಸ್ಥೆ ಇರುವುದನ್ನೇ ಅವಕಾಶ ಎನ್ನುವುದು. ಒಂದು ಪಂದ್ಯಕ್ಕೆ ಇಳಿಸಿ, ತಪ್ಪಿದರೆ ಕೈಬಿಡುವುದಕ್ಕೆ ಆ ಹೆಸರು ಸಲ್ಲದು. ಕೊಡಗಿನಲ್ಲಿ 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುತ್ತಾರೆ, ಅಲ್ಲಿನ ಹುಡುಗ ಆಯ್ಕೆ ಶಿಬಿರ ಕಾಣುವ ಮುನ್ನವೇ ಹಿರಿಯನ ಪಕ್ಕದಲ್ಲಿ ನಿಂತು ಪಾಸ್ ಕೊಡಲು ಕಲಿತಿರುತ್ತಾನೆ. ಹುಲಿಗಿಯಂಥ ಕೊಪ್ಪಳದ ಕಡೆಯ ಊರಿನ ಹುಡುಗನಿಗೆ ಅಂಥ ಹಬ್ಬವಿಲ್ಲದ್ದರಿಂದ ಅವನು ಆ ಸಂಗವನ್ನು ತಾನೇ ಹುಡುಕಿಕೊಳ್ಳಬೇಕು: ತಂಡದ ಹಿರಿಯ ರಕ್ಷಕನನ್ನು ಪ್ರತಿಸ್ಪರ್ಧಿಯೆಂದು ದೂರುವ ಬದಲು, ಪೆನಾಲ್ಟಿ ಕಾರ್ನರ್ ಹೊತ್ತಿನಲ್ಲಿ ಆತ ಮೊದಲ ಹೆಜ್ಜೆ ಎತ್ತ ಇಡುತ್ತಾನೆ, ಯಾಕೆ ಇಡುತ್ತಾನೆ ಎಂದು ಕೇಳಿ ತಿಳಿದುಕೊಳ್ಳಬೇಕು. ಮುಂದಿನ ಆಯ್ಕೆಗೆ ಹೋದಾಗ ತನ್ನ ವಯಸ್ಸನ್ನು ಹೇಳದೆ, ಯಾವ ಸ್ಥಾನದಲ್ಲಿ ಯಾವ ಕೆಲಸ ಮಾಡಬಲ್ಲೆನೆಂದು ತರಬೇತುದಾರರಿಗೆ ಹೇಳಬೇಕು.